ವಿಭೂತಿಯ ಕೆಳಗಿನ ಕೆಂಪು ಚುಕ್ಕೆ

ಖಾನಾಪುರದ ಬಸ್ ನಿಲ್ದಾಣದ ಎದುರು ನನ್ನದೊಂದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಯಾರನ್ನೂ ನಂಬುವ ಜಾಯಮಾನ ನನ್ನದಲ್ಲ. ಪ್ರಿಂಟರಿನ ಚೌಕ ಮೂತಿಯ ಯುಎಸ್‌ಬಿ, ಟಕ್ಕೆಂದು ಕೂರುವ ಇಂಟರ್ನೆಟ್ ವೈರು, ಪರದೆಗೆ ಹೋಗುವ ನೀಲಿ ಮೂತಿಯ ವಿಜಿಎ, ಎಲ್ಲ ಕೇಬಲ್ಲಿಗೂ ಕೆಂಪು ನೇಲ್‌ಪಾಲಿಶಿನ ಚುಕ್ಕೆ ಇಟ್ಟಿದ್ದೆ. ಯಾರಾದರೂ ಒಳ್ಳೆಯದನ್ನು ಬಿಚ್ಚಿಕೊಂಡು ಡೂಪ್ಲಿಕೇಟ್ ಚುಚ್ಚಿ ಹೋದರೆ ನನಗೆ ಗೊತ್ತಾಗುವುದು ಹೇಗೆ?

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಬೆಳಗಾವಿಯಿಂದ ರಿಪೇರಿಯವರು ಬಂದು ಕಂಪ್ಯೂಟರಿನ ಧೂಳು ತೆಗೆದು ಹೋದರು. ಯಾವ ಕೇಬಲ್ಲು ಯಾವ ತೂತಿಗೆ ಅಂತ ನನಗೆ ಮೊದಲು ಕಲಿಸಿದವರೇ ಅವರು. ಪೂಜೆಯ ದಿನ ನಾನು ಎಲ್ಲ ಬಿಚ್ಚಿ, ನಮ್ಮ ಮನೆಯ ಪದ್ಧತಿಯಂತೆ ಒಂದೊಂದು ಕೇಬಲ್ಲಿನ ಮೂತಿಗೂ ಮೂರು ಬೆರಳಿನಿಂದ ಒದ್ದೆ ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆದೆ. ಬನ್ನಿ ಹಂಚಿದ ಮರುದಿನ ಎಲ್ಲ ಜೋಡಿಸಿದರೆ ಪರದೆ ಕಪ್ಪು. ವಿಜಿಎ ಕಿತ್ತು ನೋಡಿದೆ. ನನ್ನ ಕೆಂಪು ಚುಕ್ಕೆ ಇರಲಿಲ್ಲ. ಇಷ್ಟು ವರ್ಷ ಅಕ್ಕಾರ ಅಕ್ಕಾರ ಅಂದವರು ಕೊನೆಗೂ ಕೈಚಳಕ ತೋರಿಸಿಬಿಟ್ಟರಲ್ಲ ಅಂತ ಮೈಯೆಲ್ಲ ಉರಿಯಿತು.

ಕೇಬಲ್ಲನ್ನು ಚೀಲಕ್ಕೆ ತುರುಕಿ ಬೆಳಗಾವಿಯ ಬಸ್ಸು ಹತ್ತಿದೆ. ಅವರ ಅಂಗಡಿಯಲ್ಲಿ ಕಾಕತಿ ಕಡೆಯ ಶಾಲೆಯೊಂದರ ಹೆಡ್‌ಮಾಸ್ತರರು ಕೂತಿದ್ದರು. ಶಾಲೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸವನ್ನು ಇವರಿಗೆ ಕೊಡುವ ಮಾತು ನಡೆದಿತ್ತು.

“ಬರ್ರಿ ಅಕ್ಕಾರ, ಬನ್ನಿ ತಗೋರಿ, ಬಂಗಾರದಂಗ ಇರೂಣು,” ಎಂದು ರಿಪೇರಿಯವರು ಎಲೆ ಮುಂದೆ ಹಿಡಿದರು.

ನಾನು ಮುಟ್ಟಲಿಲ್ಲ. “ನನ್ನ ಕೇಬಲ್ ನನಗ ಕೊಡ್ರಿ. ಇದು ನಂದಲ್ಲ.”

“ನಾ ಯಾಕ ಬದಲಿ ಮಾಡ್ಲಿ? ಕುಂದರ್ರಿ, ನೋಡೂಣು.”

“ನೋಡೂದೇನೈತಿ? ಸರ್, ಇವರಿಗೆ ಕೆಲಸ ಕೊಡೂಕಿಂತ ಮೊದಲ ನಿಮ್ಮ ಸಾಲಿ ಕೇಬಲ್ ಎಣಿಸಿ ಇಟ್ಕೋರಿ.”

ಹೆಡ್‌ಮಾಸ್ತರರು “ವಿಚಾರ ಮಾಡಿ ಹೇಳ್ತೀನ್ರಿ” ಎಂದು ಎದ್ದು ಹೋದರು. ರಿಪೇರಿಯವರ ಮುಖ ಸಪ್ಪಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ಒಳಗೊಳಗೇ ಹಿಗ್ಗಿದೆ.

ಅವರು ಒದ್ದೆ ಬಟ್ಟೆಯಿಂದ ಕೇಬಲ್ಲಿನ ಮೂತಿ ಒರೆಸಿದರು. ಒಣಗಿದ ವಿಭೂತಿಯ ಕೆಳಗೆ ಕೆಂಪು ಚುಕ್ಕೆ ಕಂಡಿತು. ಆಮೇಲೆ ಪಿನ್ನುಗಳ ನಡುವೆ ಗಟ್ಟಿಯಾಗಿದ್ದ ವಿಭೂತಿಯನ್ನು ಸೂಜಿಯಿಂದ ಕೆದಕಿ ತೆಗೆದು, ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಪರದೆ ಬೆಳಗಿತು. ಎಲ್ಲರ ಮೇಲೂ ಅನುಮಾನಪಡುವ ನನಗೆ ನನ್ನ ಮೂರು ಬೆರಳುಗಳ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ತಪ್ಪಾತ್ರಿ ಅಣ್ಣಾರ.”

“ನನಗ ಹೇಳಿ ಏನ್ ಮಾಡ್ತೀರಿ ಅಕ್ಕಾರ? ಆ ಹೆಡ್‌ಮಾಸ್ತರರಿಗೆ ಯಾರ ಹೇಳಬೇಕು?”

ದಸರಾ ರಜೆ ಮುಗಿದ ದಿನವೇ ಆ ಶಾಲೆಗೆ ಹೋದೆ. ವಿಭೂತಿ, ಚುಕ್ಕೆ, ನನ್ನ ಹಾಳು ಬುದ್ಧಿ, ಎಲ್ಲ ಬಿಡಿಸಿ ಹೇಳಿದೆ. ಹೆಡ್‌ಮಾಸ್ತರರು ಪೂರ್ತಿ ಕೇಳಿಸಿಕೊಂಡು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಹಿಂಗ ಹೇಳಿ ಬರ್ರಿ ಅಂತ ಅವರ ನಿಮ್ಮನ್ನ ಕಳಿಸ್ಯಾರೇನ್ರಿ?”

ಕೆಲಸ ಬೇರೆಯವರ ಪಾಲಾಯಿತು. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಕೇಳುತ್ತಿದ್ದೆ.