ನಿಂತ ನಲ್ಲಿ, ನೆಟ್ಟ ಕಣ್ಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಅಡುಗೆಕೋಣೆಯಲ್ಲಿ ನಲ್ಲಿಯಕ್ಕ ಸಿಂಕಿನ ಕೆಳಗೆ ಅರ್ಧ ಮೈ ತೂರಿಸಿ ಮಲಗಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು. ಹೊರಗೆ ಕಾಣುವುದು ಎರಡು ಪಾದ, ಪಕ್ಕದಲ್ಲಿ ಒಂದು ಸ್ಪ್ಯಾನರ್. ಆ ಮನೆಯ ಅಜ್ಜಿ ಬಾಗಿಲಿಗೆ ಅಡ್ಡವಾಗಿ ನಿಂತು ಪಾದಗಳನ್ನೂ ನೋಡುತ್ತಾರೆ, ಸ್ಪ್ಯಾನರನ್ನೂ ನೋಡುತ್ತಾರೆ.

“ಹೋದ ವಾರ ತಾನೇ ನೀನು ಬಂದು ಈ ಸಿಂಕಿನ ಕೆಳಗಡೆ ವಾಲ್ವ್ ಬದಲಾಯಿಸಿ ಹೋದೆ. ಅಲ್ಲೀವರ್ಗೂ ನೀರು ಚೆನ್ನಾಗೇ ಬರ್ತಿತ್ತು,” ಎನ್ನುತ್ತಾರೆ ಅಜ್ಜಿ. “ಮಗೂನ ಚಿವುಟೋದೂ ನೀನೇ, ತೊಟ್ಟಿಲು ತೂಗೋದೂ ನೀನೇ.”

“ಅತ್ತೆ, ಮೆಲ್ಲಗೆ,” ಎಂದು ಸೊಸೆ ಪಿಸುಗುಡುತ್ತಾಳೆ.

“ಯಾಕೆ ಮೆಲ್ಲಗೆ? ಕೇಳಲಿ ಅಂತಾನೇ ಹೇಳ್ತಿರೋದು.”

ಸಿಂಕಿನ ಕೆಳಗಿನಿಂದ ಬರುವುದು ಗೊಣಗು ಮಾತ್ರ. ಟಾರ್ಚು ಬಾಯಲ್ಲಿದೆ.

ನಲ್ಲಿಯಕ್ಕ ಎಂಬುದು ಈ ಬೀದಿಯವರೇ ಇಟ್ಟ ಹೆಸರು. ಕೆಲಸ ಅಪ್ಪನಿಂದ ಬಂದದ್ದು. ಅಂಗಡಿಯಿಲ್ಲ, ಬೋರ್ಡಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ದಿನಕ್ಕೆ ನಾಲ್ಕೈದು ಮನೆ. ಬಾಗಿಲು ತೆರೆದವರು ಮೊದಲು ಅವರ ಬೆನ್ನ ಹಿಂದೆ ಹುಡುಕುತ್ತಾರೆ, ಕೆಲಸದವನು ಎಲ್ಲಿ ಎಂದು. “‘ನಿಮ್ಮ ಯಜಮಾನ್ರು ಬರಲ್ವಾ?’ ಅಂತಾರೆ. ಅವ್ರು ಟೈಲರ್ರು. ಬಂದ್ರೆ ಪೈಪಿಗೆ ಕಾಜಾ ಹೊಲೀಬೇಕು ಅಷ್ಟೆ,” ಎಂದು ನಗುತ್ತಾರೆ.

ಅಪ್ಪನ ಮಾತು ಬಂದರೆ ಆ ನಗು ನಿಲ್ಲುತ್ತದೆ. ರಿಪೇರಿ ಮಾಡುವಾಗಲೇ ಮುಂದಿನ ರಿಪೇರಿಗೆ ಬೀಜ ಬಿತ್ತಿ ಬರುತ್ತಾನೆ ಎಂದು ಅಪ್ಪನ ಬಗ್ಗೆ ಯಾರೋ ಅಂದರಂತೆ. ಆ ಮಾತು ಬಾಯಿಂದ ಬಾಯಿಗೆ ಹಬ್ಬಿ, ಅಪ್ಪ ಕೆಲಸ ಮಾಡುತ್ತಿದ್ದ ಇಡೀ ಬೀದಿಯ ಬಾಗಿಲುಗಳು ಮುಚ್ಚಿಕೊಂಡವು. “ಅಪ್ಪ ಏನೂ ಮಾಡಿರ್ಲಿಲ್ಲ. ಆದ್ರೆ ಅನುಮಾನ ಸೋರೋಕೆ ಶುರುವಾದ್ರೆ ವಾಷರ್ ಹಾಕಕ್ಕಾಗುತ್ತಾ?” ಈ ಬೀದಿಯೂ ಹಾಗೆಯೇ ಮುಚ್ಚಿಕೊಂಡರೆ ನಲ್ಲಿಯಕ್ಕನಿಗೆ ಹೋಗಲು ಬೇರೆ ಬೀದಿಯಿಲ್ಲ.

ನಿಂತ ನಲ್ಲಿಯನ್ನು ಅವರು ಮೊದಲೇ ಬಿಚ್ಚುವುದಿಲ್ಲ. ನೀರು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕಿಕೊಂಡು ಹೋಗುತ್ತಾರೆ. ಬಚ್ಚಲಲ್ಲಿ ನೀರು ಧೋ ಎಂದು ಬೀಳುತ್ತಿದೆ, ಹಾಗಾದರೆ ಟ್ಯಾಂಕು ಖಾಲಿಯಿಲ್ಲ. ಸಿಂಕಿನ ಕೆಳಗಿನ ವಾಲ್ವ್ ತೆರೆದೇ ಇದೆ. ಅದನ್ನು ಮುಚ್ಚಿ, ನಲ್ಲಿಗೆ ಹೋಗುವ ಸಣ್ಣ ಪೈಪನ್ನು ಬಿಚ್ಚಿ, ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು ಮತ್ತೆ ತೆರೆದರೆ ನೀರು ಚಿಮ್ಮುತ್ತದೆ. ಅಂದರೆ ಅಡ್ಡಿಯಿರುವುದು ನಲ್ಲಿಯಲ್ಲೇ.

“ನೀರು ಬರ್ತಾನೇ ಇದೆ. ಬಿಡೋರು ಬಿಡ್ತಿಲ್ಲ,” ಎನ್ನುತ್ತಾರೆ ಅಜ್ಜಿ.

ನಲ್ಲಿಯಕ್ಕ ಎದ್ದು ನಲ್ಲಿಯ ಮೂತಿ ತಿರುಗಿಸಿ, ಒಳಗಿನ ಜಾಲರಿಯನ್ನು ಅಂಗೈ ಮೇಲೆ ಬೀಳಿಸಿಕೊಳ್ಳುತ್ತಾರೆ. ಕೆಂಪು ತುಕ್ಕಿನ ಪುಡಿ, ಅದಕ್ಕೆ ಹೆಣೆದುಕೊಂಡ ಬಿಳಿ ಎಳೆಗಳು. ಅವರ ಮುಖದ ಕಳೆ ಇಳಿಯುತ್ತದೆ. ನೀರು ಸೋರದಂತೆ ಪೈಪಿನ ತಿರುಪಿಗೆ ಸುತ್ತುವ ಟೇಪು ಅದು. ತುದಿಯ ಮೊದಲ ಗೆರೆಯನ್ನು ಬಿಟ್ಟು ಸುತ್ತಬೇಕು. ಬಾಯಿಯವರೆಗೂ ಸುತ್ತಿದರೆ ಎಳೆ ಕಿತ್ತು ಬಂದು ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಹೋದ ವಾರವೂ ಅಜ್ಜಿ ಹೀಗೆಯೇ ನಿಂತಿದ್ದರು. ಬೆನ್ನಿಗೆ ನೆಟ್ಟ ಆ ಕಣ್ಣಿಗೆ ಅವಸರಪಟ್ಟು ಕೈ ತಪ್ಪಿತ್ತು.

ಸೊಸೆ ಇಣುಕುತ್ತಾಳೆ. “ಟ್ಯಾಂಕಿನ ಕಸ ಅಲ್ವಾ ಅಕ್ಕಾ? ನಾನು ಆಗ್ಲೇ ಹೇಳ್ದೆ ಇವ್ರಿಗೆ.”

ಹೌದು ಎಂದುಬಿಟ್ಟರೆ ಮುಗಿಯಿತು. ಅಷ್ಟು ಸಣ್ಣ ಎಳೆ ಅಜ್ಜಿಯ ಕಣ್ಣಿಗೆ ಕಾಣುವುದಿಲ್ಲ. ನಲ್ಲಿಯಕ್ಕನ ಅಂಗೈ ಅರ್ಧ ಮಡಚಿಕೊಂಡು ಮತ್ತೆ ತೆರೆದುಕೊಳ್ಳುತ್ತದೆ.

“ತುಕ್ಕು ಹಳೇ ಪೈಪಿಂದು. ಈ ಬಿಳೀದು ನಂದು. ಹೋದ ವಾರ ನಾನು ಅವಸರದಲ್ಲಿ ಸುತ್ತಿದ ಟೇಪು.”

“ನೋಡ್ದೇನೇ! ನಾನು ಹೇಳ್ಲಿಲ್ವಾ?” ಅಜ್ಜಿ ಗೆದ್ದವರಂತೆ ಸೊಸೆಯ ಕಡೆ ತಿರುಗುತ್ತಾರೆ. ಆಮೇಲೆ ಏನೋ ಹೊಳೆದಂತೆ ನಲ್ಲಿಯಕ್ಕನನ್ನು ನೋಡಿ ಹುಬ್ಬು ಗಂಟಿಕ್ಕುತ್ತಾರೆ. “ಅಲ್ಲಾ, ಇದನ್ನ ನೀನ್ಯಾಕೆ ನಂಗೆ ಹೇಳ್ದೆ? ಇದ್ರಲ್ಲೂ ಏನಾದ್ರೂ ಮಸಲತ್ತು ಇದ್ಯಾ?”

“ಒಳಗೆ ಇನ್ನೂ ಟೇಪಿದೆ ಅಜ್ಜಿ. ಮುಚ್ಚಿಟ್ರೆ ನಲ್ಲಿ ಮತ್ತೆ ನಿಲ್ಲುತ್ತೆ. ವಾಲ್ವ್ ಬಿಚ್ಚಿ ಹೊಸದಾಗಿ ಸುತ್ಬೇಕು.”

ಟ್ಯಾಂಕಿನಿಂದ ಬರುವ ನೀರು ನಿಲ್ಲಿಸಿ ಬಿಚ್ಚುತ್ತಾರೆ, ಪೈಪಿನ ಬಾಯಿಯನ್ನು ಬೆರಳಿನಿಂದ ಕೆರೆಯುತ್ತಾರೆ, ಮೊದಲ ಗೆರೆ ಬಿಟ್ಟು ಸುತ್ತುತ್ತಾರೆ. ಎಲ್ಲ ಜೋಡಿಸಿ ನೀರು ಬಿಟ್ಟಾಗ ನಲ್ಲಿ ಎರಡು ಸಲ ಕೆಮ್ಮಿ, ಆಮೇಲೆ ಸರಾಗವಾಗಿ ಹರಿಯುತ್ತದೆ.

“ನಾಲ್ಕು ಜನ ಕೇಳಿದ್ರೆ ನಾನಂತೂ ಸುಳ್ಳು ಹೇಳೋಳಲ್ಲ,” ಎನ್ನುತ್ತಾರೆ ಅಜ್ಜಿ.

“ಹೇಳಿ ಅಜ್ಜಿ. ಕೆಲಸ ಕೆಡಿಸಿದ್ಲು ಅನ್ನಿ, ಅದು ನಿಜ. ಬೇಕಂತ ಕೆಡಿಸಿದ್ಲು ಅಂತ ಮಾತ್ರ ಅನ್ಬೇಡಿ. ನಂಗಷ್ಟು ಸಾಕು.”

ಅಜ್ಜಿ ಸಿಂಕಿನ ಹತ್ತಿರ ಬರುತ್ತಾರೆ. ನೀರಿಗೆ ಬೆರಳೊಡ್ಡಿ ನೋಡುತ್ತಾರೆ. ಆಮೇಲೆ ಸೊಸೆಗೆ ಒಂದು ಸ್ಟೂಲು ತರಲು ಹೇಳುತ್ತಾರೆ.

“ಬಟ್ಟೆ ಒಗೆಯೋ ಕಡೆ ನಲ್ಲಿನೂ ತೊಟ್ಟಿಕ್ತಾ ಇದೆ. ಹೇಗೂ ಬಂದಿದ್ದೀಯ, ಅದನ್ನೂ ನೋಡ್ಬಿಡು. ನಾನು ಪಕ್ಕದಲ್ಲೇ ಕೂತಿರ್ತೀನಿ,” ಎನ್ನುತ್ತಾರೆ. “ಅವಸರ ಮಾಡ್ಬೇಡ.”