ನಿಲ್ಲು ದೊರೆಯೆ, ಮಾತು ಮುಗಿದಿಲ್ಲ

ಮೈದಾ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಹಿಡಿಯುವುದಿಲ್ಲ. ಮೊನ್ನೆ ಭಾನುವಾರ ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯಲ್ಲಿ, ಮೂಲೆಗೆ ಹಾಕಿದ್ದ ಹಳೇ ಪಾತ್ರೆಯಲ್ಲಿ ಅಂಟು ಕಾಯಿಸುತ್ತಿದ್ದೆ. ನನ್ನ ಒಂಬತ್ತನೇ ತರಗತಿಯ ಮಕ್ಕಳ ನಾಟಕಕ್ಕೆ ರಟ್ಟಿನ ಕಿರೀಟ ಆಗಬೇಕಿತ್ತು. ಬೇಯುವ ಹಿಟ್ಟಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ನಮ್ಮ ಕನ್ನಡ ಟೀಚರ್ ಪಕ್ಕದಲ್ಲಿ ಬಂದು ನಿಂತ ಹಾಗಾಯಿತು... "ಕೈ ಬಿಡ್ಬೇಡ ಮಾರಾಯ್ತಿ, ಗಂಟಾಗತ್ತೆ!"

ಟೀಚರ್ ಶಿವಮೊಗ್ಗದ ದುರ್ಗಿಗುಡಿಯವರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕುಳ್ಳಗಿದ್ದರು, ಸೆರಗಿಗೆ ಯಾವಾಗಲೂ ಸೀಮೆಸುಣ್ಣ ಮೆತ್ತಿರುತ್ತಿತ್ತು. ನಾವೆಲ್ಲ ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳು. ಒಬ್ಬರ ಮನೆಯಲ್ಲಿ ತೆಲುಗು, ಇನ್ನೊಬ್ಬರ ಮನೆಯಲ್ಲಿ ಉರ್ದು, ನಮ್ಮ ಮನೆಯಲ್ಲಿ ತಮಿಳು. ನನಗೆ ಕನ್ನಡ ಓದಲು, ಬರೆಯಲು ಚೆನ್ನಾಗಿಯೇ ಬರುತ್ತಿತ್ತು. ಬಾಯಿ ತೆರೆದರೆ ಮಾತ್ರ ತಮಿಳಿನ ಎಳೆತ ಇಣುಕುತ್ತಿತ್ತು, ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಅದಕ್ಕೇ ನಾನು ತರಗತಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮಾತಾಡುವ ಆಸೆ ಮಾತ್ರ ಇದ್ದೇ ಇತ್ತು.

ಪಠ್ಯದಲ್ಲಿ ಒಂದು ಹಳೆಯ ನಾಟಕವಿತ್ತು. ಬೇಡದ ಯುದ್ಧಕ್ಕೆ ಹೊರಟ ರಾಜ, ಅವನನ್ನು ತಡೆಯುವ ರಾಣಿ. ಹೆಜ್ಜೆಹೆಜ್ಜೆಗೂ ಅರ್ಥವಾಗದ ಪದಗಳು. ನಾವು ಕಬ್ಬಿಣದ ಊರಿನವರೇ ಆದರೂ ನಮಗದು ಕಬ್ಬಿಣದ ಕಡಲೆಯೇ. "ಸಾರಾಂಶ ಬರೆಸಿಬಿಡಿ ಟೀಚರ್" ಎಂದು ಎಲ್ಲರೂ ಗೋಗರೆದೆವು.

ಟೀಚರ್ ಪುಸ್ತಕ ಮುಚ್ಚಿದರು. "ನಿಮ್ ಲೈನಲ್ಲಿ ಬೆಳಿಗ್ಗೆ ನಲ್ಲಿ ಹತ್ರ ಜಗಳ ಹೆಂಗ್ ಶುರುವಾಗತ್ತೆ, ಹೇಳಿ ನೋಡಣ" ಎಂದರು. ತರಗತಿಗೆ ಜೀವ ಬಂತು. ಒಬ್ಬಳು ಇನ್ನೊಬ್ಬಳ ಬಿಂದಿಗೆ ಹಿಂದೆ ಸರಿಸುವುದು, ಅವಳು ಸೆರಗು ಸಿಕ್ಕಿಸಿ ನಿಲ್ಲುವುದು, ಎಲ್ಲವನ್ನೂ ಮಾಡಿ ತೋರಿಸಿದೆವು. ನಕ್ಕು ನಕ್ಕು ಸುಸ್ತಾದ ಮೇಲೆ ಟೀಚರ್ ಹೇಳಿದರು: "ಈ ನಾಟಕಾನೂ ಇಷ್ಟೇ ಕಣ್ರೋ. ನೀರಿನ ಜಾಗದಲ್ಲಿ ಸಿಂಹಾಸನ ಇದೆ ಅಷ್ಟೆ."

ಅಂದಿನಿಂದ ಅವರದು ಒಂದೇ ಪದ್ಧತಿ. ಪ್ರತಿ ಮಾತನ್ನೂ ಮೊದಲು ಮನೆಯ ಭಾಷೆಯಲ್ಲಿ ಹೇಳಬೇಕು. ಅದೇ ಸಿಟ್ಟು, ಅದೇ ಅಳು ಇಟ್ಟುಕೊಂಡು ಆಮೇಲೆ ಪುಸ್ತಕದ ಮಾತು ಹೇಳಬೇಕು.

ರಾಣಿಯ ಪಾತ್ರ ನನಗೆ ಕೊಟ್ಟರು. "ನಿಲ್ಲು ದೊರೆಯೆ, ನನ್ನ ಮಾತು ಮುಗಿದಿಲ್ಲ" ಎಂಬ ಸಾಲನ್ನು ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದಂತೆ ಹೇಳಿ ಮುಗಿಸಿದೆ. ಟೀಚರ್ ಹತ್ತಿರ ಬಂದರು.

"ನಿಮ್ಮಮ್ಮ ಏನೋ ಹೇಳ್ತಿರ್ತಾರೆ, ಅಪ್ಪ ಕೇಳದೆ ಶಿಫ್ಟಿಗೆ ಹೊರಟುಬಿಡ್ತಾರೆ. ಆಗ ಅಮ್ಮ ಏನಂತಾರೆ?"

ದಿನಾ ಕೇಳುವ ಮಾತು, ತಡೆಯಲಾರದೆ ಬಾಯಿಂದ ಜಾರಿತು. "ನಿಲ್ಲುಂಗ! ಇನ್ನುಂ ಪೇಸಿ ಮುಡಿಕ್ಕಲೆ!"

ತರಗತಿ ಗೊಳ್ಳೆಂದಿತು. ಟೀಚರ್ ನಗಲಿಲ್ಲ. "ಇದೇ ನೋಡು ರಾಣಿ ಗಂಟಲು. ಈಗ ಕನ್ನಡದಲ್ಲಿ ಹೇಳು" ಎಂದರು. ಹೇಳಿದೆ. ಈ ಸಲ ಯಾರೂ ನಗಲಿಲ್ಲ. ನನಗೆ ಅಳು ಬಂತು, ಸಂತೋಷಕ್ಕೇ.

ನಾಟಕವನ್ನು ಅಪ್ಪ ಅಮ್ಮಂದಿರಿಗೂ ತೋರಿಸೋಣ ಎಂದರು ಟೀಚರ್. ಸೆಕೆಂಡ್ ಶಿಫ್ಟಿನ ಅಪ್ಪಂದಿರು ಊಟದ ಡಬ್ಬಿ ಹಿಡಿದೇ ಬಂದು ಹಿಂದೆ ಕೂತರು. ಸೈರನ್ನಿಗೆ ಮೊದಲೇ ಮುಗಿಯುತ್ತದೆ ಎಂಬುದು ಲೆಕ್ಕ. ಆದರೆ ಟೀಚರ್ ನಮ್ಮ ಕೈಯಲ್ಲಿ ಮಾಡಿಸಿದ್ದ ರಾಜನ ಕಿರೀಟದ ಅಂಟು ಒಣಗಿರಲಿಲ್ಲ. ಊದಿ, ಬೀಸಿ, ಬಿಸಿಲಿಗಿಟ್ಟು ತಲೆಗೇರಿಸುವಷ್ಟರಲ್ಲಿ ಹೊತ್ತಾಗಿ ಹೋಗಿತ್ತು.

ರಾಜ ಬೆನ್ನು ತಿರುಗಿಸಿದ. ನಾನು ಉಸಿರೆಳೆದುಕೊಂಡೆ. ಸರಿಯಾಗಿ ಆಗಲೇ ಸೈರನ್ ಕೂಗಿತು.

ಆ ಊರಿನಲ್ಲಿ ಸೈರನ್ ಕೇಳಿದರೆ ಕಾಲುಗಳು ತಾವಾಗಿಯೇ ಏಳುತ್ತವೆ. ಹಿಂದಿನ ಸಾಲು ಪೂರ್ತಿ ಎದ್ದಿತು, ಡಬ್ಬಿಗಳು ಕಣಕಣ ಎಂದವು. ನನ್ನಪ್ಪನೂ ಎದ್ದ. ಅದೆಲ್ಲಿತ್ತೋ ಆ ಸಿಟ್ಟು... ರಾಜನನ್ನು ಬಿಟ್ಟು ನೇರ ಅಪ್ಪನ ಕಡೆಗೇ ತಿರುಗಿ ಗುಡುಗಿದೆ.

"ನಿಲ್ಲು ದೊರೆಯೆ! ನನ್ನ ಮಾತು ಮುಗಿದಿಲ್ಲ!"

ಅರ್ಧ ಎದ್ದಿದ್ದ ಅಪ್ಪ ದೊಪ್ಪನೆ ಕೂತ. ಅಕ್ಕಪಕ್ಕದವರೂ ಒಬ್ಬೊಬ್ಬರಾಗಿ ಕೂತರು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಬಾಗಿಲ ಮರೆಯಲ್ಲಿ ಟೀಚರ್ ಎರಡೂ ಕೈ ಎದೆಗವಚಿಕೊಂಡು ನಿಂತಿದ್ದರು. ಅಪ್ಪ ಅಂದು ಶಿಫ್ಟಿಗೆ ತಡವಾಗಿ ಹೋಗಿ ಬೈಸಿಕೊಂಡ. ಮನೆಗೆ ಬಂದು "ದೊರೆಗೆ ಬೈಯೋ ಮೇಸ್ತ್ರಿ ಇನ್ನೂ ಹುಟ್ಟಿಲ್ಲ" ಎಂದು ಮೀಸೆ ತಿರುವಿದ.

ಬಾಯಿಯ ಬೀಗ ಅಂದು ತೆಗೆದದ್ದು, ಮತ್ತೆ ಬೀಳಲಿಲ್ಲ. ಈಗ ಶಿವಮೊಗ್ಗದಲ್ಲಿ ಕನ್ನಡ ಪಾಠ ಹೇಳಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ನನ್ನ ಮಕ್ಕಳೂ ಹಳೆಯ ನಾಟಕ ಕಂಡೊಡನೆ "ಸಾರಾಂಶ ಹೇಳಿ ಮಿಸ್, ಸಾಕು" ಎಂದರು. ನಾನೂ ಪುಸ್ತಕ ಮುಚ್ಚಿದೆ. ಈಗ ನಲ್ಲಿ ಜಗಳ ಇಲ್ಲ, ಮನೆಯಲ್ಲಿ ಚಾರ್ಜರಿಗೆ ಆಗುವ ಜಗಳದಿಂದ ಶುರು ಮಾಡಿದೆ.

ಭಾನುವಾರ ಕಿರೀಟ ಒಣಗಲು ಇಟ್ಟು ಟೀಚರ್ ಮನೆಗೆ ಫೋನ್ ಮಾಡಿದೆ. ನಾಟಕಕ್ಕೆ ಕರೆಯಬೇಕಿತ್ತು. ಎತ್ತಿದವರು ಅವರ ಸೊಸೆ. ಟೀಚರ್ ಹೋದ ವರ್ಷವೇ ತೀರಿಕೊಂಡರಂತೆ... ಇಷ್ಟು ಹತ್ತಿರವಿದ್ದೂ ನನಗೆ ಗೊತ್ತಾಗಿರಲಿಲ್ಲ. ಫೋನ್ ಇಟ್ಟು, ಪಾತ್ರೆಯಲ್ಲಿ ಉಳಿದಿದ್ದ ಅಂಟನ್ನು ಗಂಟಾಗದ ಹಾಗೆ ಕೈ ಬಿಡದೆ ಕಲಕಿದೆ.

ನಿನ್ನೆ ತರಗತಿಯಲ್ಲಿ ತಾಲೀಮು. ಯಾವತ್ತೂ ತಲೆ ಎತ್ತದ ಒಬ್ಬ ಹುಡುಗಿ, ಮನೆಯಲ್ಲಿ ಉರ್ದು ಮಾತಾಡುವವಳು, ಕಿರೀಟ ತೊಟ್ಟು ಮೆಲ್ಲಗೆ ತನ್ನ ಪಾತ್ರದ ಮಾತು ಶುರು ಮಾಡಿದ್ದಳು. ಬೆಲ್ ಹೊಡೆಯಿತು. ಅಭ್ಯಾಸಬಲ, ನಾನು ಹಾಜರಿ ಪುಸ್ತಕ ಎತ್ತಿಕೊಂಡು ಬಾಗಿಲಿಗೆ ನಡೆದೆ.

"ಎಲ್ಲಿಗ್ ಹೋಗ್ತೀರ ಮಿಸ್?" ಹಿಂದಿನಿಂದ ಅವಳದೇ ದನಿ. "ನನ್ ಮಾತು ಇನ್ನೂ ಮುಗಿದಿಲ್ಲ."

ತಿರುಗಿ ನೋಡಿದೆ. ಒಂದು ಮಗುವೂ ಬ್ಯಾಗಿಗೆ ಕೈ ಹಾಕಿರಲಿಲ್ಲ. ನಾನು ಹಿಂದಿನ ಬೆಂಚಿಗೆ ಹೋಗಿ, ಅಪ್ಪನ ಹಾಗೆಯೇ ದೊಪ್ಪನೆ ಕೂತೆ. ಬಾಗಿಲ ಮರೆ ಮಾತ್ರ ಖಾಲಿ ಇತ್ತು.