ನನಗಿಂತ ಮೊದಲು ಮುಷ್ಟಿ ಕಟ್ಟಿದ ಅತ್ತಿಗೆ

ಎಂಬತ್ತರ ದಶಕದ ನಡುವೆ ನಾನು ಪುತ್ತೂರಿನ ದರ್ಬೆಯಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಬಲಗೈ ಬೆರಳುಗಳು ಜೋಮು ಹಿಡಿಯಲು ಶುರುವಾಗಿ ವರ್ಷವಾಗಿತ್ತು. ಮಂಗಳೂರಿನ ಡಾಕ್ಟರು ನೋಡಿ, ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆ, ಆಪರೇಷನ್ ಮಾಡಬೇಕು ಎಂದರು. ನಮ್ಮೂರು ಪೆರಾಬೆಯ ಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಿದ್ದಾಗ, ಬೀಡಿ ಕಟ್ಟುತ್ತ ಕೂತಿದ್ದ ಅತ್ತಿಗೆ ತಲೆ ಎತ್ತಿದರು.

"ನಂದೂ ಹಾಗೆಯೇ ಆಗುದು ಮಾರಾಯ್ತಿ. ಎಲೆ ಕತ್ತರಿಸುವಾಗ ಕತ್ತರಿ ಹಿಡಿದದ್ದೇ ಗೊತ್ತಾಗುದಿಲ್ಲ."

ನನ್ನ ಕಾಯಿಲೆಯಲ್ಲೂ ಇವರಿಗೆ ಪಾಲು ಬೇಕೇ ಎಂದುಕೊಂಡೆ. ಅಣ್ಣನ ಕೈಹಿಡಿದು ಬಂದ ದಿನದಿಂದ ಅಮ್ಮ ಅವರನ್ನು "ಮಗಾ" ಎಂದು ಕರೆಯುತ್ತಿದ್ದಳು. ಅಲ್ಲಿಯವರೆಗೆ ಆ ಮನೆಯಲ್ಲಿ "ಮಗಾ" ಎಂದರೆ ನಾನೊಬ್ಬಳೇ.

ಅದೇ ಡಾಕ್ಟರು ಅತ್ತಿಗೆಯ ಕೈಯನ್ನೂ ನೋಡಿ ಅದೇ ಕಾಯಿಲೆ ಎಂದರು. ಒಂದೇ ವಾರದಲ್ಲಿ ಇಬ್ಬರಿಗೂ ಬಲಗೈಯ ಆಪರೇಷನ್ ಆಯಿತು. ಕೈಯನ್ನು ಎದೆಗಿಂತ ಎತ್ತರಕ್ಕಿಡಿ, ಬೆರಳುಗಳನ್ನು ಇವತ್ತಿನಿಂದಲೇ ಆಡಿಸಿ, ಆರು ವಾರ ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ನಾನೂ ರಜೆ ಹಾಕಿ ಪೆರಾಬೆಗೆ ಬಂದೆ.

ಅತ್ತಿಗೆ ಎರಡು ದಿಂಬಿನ ಮೇಲೆ ಕೈಯಿಟ್ಟು, ಹೆಬ್ಬೆರಳನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸುತ್ತಿದ್ದರು. ನೋವಾದಾಗ ತುಟಿ ಕಚ್ಚುತ್ತಿದ್ದರು, ನಿಲ್ಲಿಸುತ್ತಿರಲಿಲ್ಲ. ಹೊಲಿಗೆ ಬಿಚ್ಚೀತು ಎಂಬ ಭಯದಿಂದ ನಾನು ಕೈಯನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ನನ್ನದು ಓದಿದವಳ ಕೈ, ಜೋಪಾನ ಮಾಡಬೇಕಾದದ್ದು ಎಂಬ ಜಂಬವೂ ಇತ್ತು.

ಹೊಲಿಗೆ ಬಿಚ್ಚಿದ ದಿನ ಅತ್ತಿಗೆ ಪೂರ್ತಿ ಮುಷ್ಟಿ ಕಟ್ಟಿದರು. ನನ್ನ ಬೆರಳುಗಳು ಅರ್ಧಕ್ಕೇ ನಿಂತವು. "ಇವರನ್ನು ನೋಡಿ ಕಲಿಯಿರಿ," ಎಂದರು ಡಾಕ್ಟರು. ಮನೆಗೆ ಬಂದರೆ ಅಂಗಳದಲ್ಲಿದ್ದ ಅಮ್ಮ ಮೊದಲು ಹಿಡಿದು ನೋಡಿದ್ದು ಅತ್ತಿಗೆಯ ಕೈ.

ಮರುದಿನ ಅಮ್ಮ ಅತ್ತಿಗೆಯ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ನನ್ನ ಕೂದಲನ್ನು ಬಾಚಿ ಗಂಟು ಕಟ್ಟಿ ಬಿಟ್ಟಳು. ಆ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಅಮ್ಮ ದನದ ಹಟ್ಟಿಗೆ ಹೋದದ್ದನ್ನು ನೋಡಿ ಅತ್ತಿಗೆಗೆ ಹೇಳಿದೆ:

"ನಿಮ್ಮ ಕೈ ಗುಣವಾಯ್ತಂತೆ. ಇನ್ನು ನೀರು ಎಳೆದರೂ ತೊಂದರೆ ಇಲ್ಲ ಅಂತ ಡಾಕ್ಟ್ರು ನನ್ನ ಹತ್ರ ಹೇಳಿದ್ರು."

ಡಾಕ್ಟರು ಹಾಗೆ ಹೇಳಿರಲಿಲ್ಲ.

ಬೆಳಗ್ಗೆ ಅತ್ತಿಗೆ ಬಾವಿಕಟ್ಟೆಗೆ ಹೋದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಒಂದು ಕೊಡಪಾನ, ಎರಡು, ಮೂರು. ಬೇಡ ಎನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಅಂಗೈ ಬಾತು ಕೆಂಪಗಾಗಿ ಅನ್ನ ಕಲಸಲೂ ಆಗಲಿಲ್ಲ.

"ನೀರೆಳೀಲಿಕ್ಕೆ ನಿನಗೆ ಯಾರು ಹೇಳಿದ್ದು?" ಅಮ್ಮ ಗದರಿದಳು.

"ಯಾರೂ ಇಲ್ಲ ಅತ್ತೆ. ಆಗ್ತದೆ ಅಂತ ನಂಗೇ ಅನ್ನಿಸಿತು."

ಅವರು ನನ್ನ ಕಡೆ ನೋಡಲೂ ಇಲ್ಲ. ಕೈ ಬಾತದ್ದು ಕಂಡು ಒಂದು ಕ್ಷಣ ನನಗೆ ಸಮಾಧಾನವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನನ್ನ ಬಟ್ಟಲನ್ನು ದೂರ ಸರಿಸಿದೆ. ಒಳ್ಳೆಯತನದಲ್ಲೂ ಅವರೇ ಮುಂದೆ.

"ನಾನು ಹೇಳಿದ್ದಮ್ಮ. ಸುಳ್ಳು ಹೇಳಿದ್ದು," ಎಂದೆ.

ಅಮ್ಮ ಅತ್ತಿಗೆಯ ಬಟ್ಟಲನ್ನು ನನ್ನ ಮುಂದೆ ಸರಿಸಿ, "ಹಾಗಾದ್ರೆ ನೀನೇ ತಿನ್ನಿಸು," ಎಂದಳು.

ನಾನು ಎಡಗೈ ಚಾಚಿದೆ. ಅತ್ತಿಗೆ ಮುಖ ತಿರುಗಿಸಿದರು. "ಎಡಗೈಯಲ್ಲಿ ಯಾರಾದ್ರೂ ಅನ್ನ ಕೊಡ್ತಾರಾ? ಬಲಗೈಯಲ್ಲಿ ಕೊಡು."

ಸೆಟೆದ ಬೆರಳುಗಳನ್ನು ಬಗ್ಗಿಸಿ ತುತ್ತು ಮಾಡಿದೆ. ಅರ್ಧ ಅನ್ನ ನೆಲಕ್ಕೆ ಬಿತ್ತು. ನೋವಿಗೋ ನಾಚಿಕೆಗೋ ಕಣ್ಣಲ್ಲಿ ನೀರು ಬಂತು. "ಇನ್ನೂ ಸ್ವಲ್ಪ ಬಗ್ಗಿಸು, ಆಗ್ತದೆ," ಎಂದರು ಅತ್ತಿಗೆ.

ಬಾವು ಇಳಿಯುವವರೆಗೆ ಎರಡು ವಾರ ನಾನೇ ತಿನ್ನಿಸಿದೆ. ಊಟವಾದ ಮೇಲೆ ನನ್ನನ್ನು ಜಗಲಿಯಲ್ಲಿ ಕೂರಿಸಿ, ಗಾಯದ ಗೆರೆಗೆ ತೆಂಗಿನೆಣ್ಣೆ ತಿಕ್ಕುವುದನ್ನೂ ಬೆರಳು ಆಡಿಸುವುದನ್ನೂ ಅವರು ಹೇಳಿಕೊಟ್ಟರು. ತಿಂಗಳಾಗುವಾಗ ನನ್ನ ಹೆಬ್ಬೆರಳು ಕಿರುಬೆರಳನ್ನು ಮುಟ್ಟಿತು.

ಎರಡೂವರೆ ತಿಂಗಳಿಗೆ ನಾನು ಕೆಲಸಕ್ಕೆ ಮರಳಿದೆ. ಅತ್ತಿಗೆ ಮತ್ತೆ ಬೀಡಿಗೆ ಕೂರಲು ಇನ್ನೂ ಒಂದು ತಿಂಗಳು ಬೇಕಾಯಿತು. ಆ ತಿಂಗಳು ನನ್ನ ಲೆಕ್ಕಕ್ಕೆ.

ನಾನು ಹೊರಟ ದಿನ ಇಬ್ಬರೂ ಬಸ್ಸಿನವರೆಗೆ ಬಂದರು. ಬಸ್ಸು ಹೊರಡುವ ಮೊದಲೇ ಅದೇನೋ ಮಾತಾಡಿಕೊಂಡು ನಗುತ್ತ ಮನೆಯ ಕಡೆ ತಿರುಗಿದರು. ಅಮ್ಮನ ಕೈ ಅತ್ತಿಗೆಯ ಹೆಗಲ ಮೇಲಿತ್ತು. ಇಷ್ಟೆಲ್ಲ ಆದ ಮೇಲೂ ನನಗೆ ಹೊಟ್ಟೆಯುರಿಯಿತು.